ಮಕ್ಕಳಾಗಲಿಲ್ಲವೆ? ಗಂಡನ ಪರೀಕ್ಷೆ ಮೊದಲಾಗಲಿ

ಕನ್ನಡದಲ್ಲಿ ‘ಬಂಜೆ’ ಎಂಬ ಪದವಿದೆ. ಅದಕ್ಕೆ ಸಮನಾದ ಪುಲ್ಲಿಂಗ ಪದ ಯಾವುದೆಂದು ಒಮ್ಮೆ ಯೋಚಿಸಿ ನೋಡಿ. ಥಟ್ಟನೆ ಹೊಳೆಯುವುದಿಲ್ಲ. ‘ಷಂಡ’, ‘ನಪುಂಸಕ’ ಎಂದು ಯಾರಾದರೂ ಹೇಳಬಹುದು. ಆದರೆ ಅವು ಲೈಂಗಿಕ ಕ್ರಿಯೆಗೆ ಅಸಮರ್ಥನಾದವನನ್ನು ಕುರಿತ ಮಾತುಗಳೇ ಹೊರತು ಮಕ್ಕಳಾಗದವನನ್ನು ಕುರಿತವಲ್ಲ. ಆಳು ಗಟ್ಟಿಮುಟ್ಟಾಗಿದ್ದು, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದೆ, ಆದರೂ ತಂದೆಯಾಗಲಾರದ ಗಂಡಸಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದರಿಂದ ಅಂಥವನು ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ನಾವೆಲ್ಲ ಬಂದುಬಿಟ್ಟಿದ್ದೇವೆ.

ಮದುವೆಯಾಗಿ ಎರಡು ವರ್ಷ ಕಳೆದರೂ ತೊಟ್ಟಿಲು ತೂಗದಿದ್ದರೆ ಅರಳಿಕಟ್ಟೆ ಸುತ್ತುವವಳು ಹೆಂಡತಿ. ನಾಗರಕಲ್ಲಿಗೆ ಹಾಲೆರೆಯುವವಳು ಅವಳು. ಬೇರೆಯವರ ಸೀಮಂತದಲ್ಲಿ ಹಿಂದಿನ ಸಾಲು ಹುಡುಕಿ ಕೂರುವವಳೂ ಅವಳೇ. ಆಸ್ಪತ್ರೆಗೆ ಬಂದ ಮೇಲೂ ಇದೇ ಕತೆ ಮುಂದುವರಿಯುತ್ತದೆ. ಅವಳಿಗೆ ರಕ್ತ ಪರೀಕ್ಷೆ, ತಿಂಗಳು ತಿಂಗಳೂ ಸ್ಕ್ಯಾನಿಂಗ್, ಗರ್ಭಕೋಶಕ್ಕೆ ದ್ರವ ತುಂಬಿಸಿ ತೆಗೆಯುವ ಎಕ್ಸ್‌ರೇ, ಕೊನೆಗೆ ಅರಿವಳಿಕೆ ಕೊಟ್ಟು ಲ್ಯಾಪರೊಸ್ಕೋಪಿ. ಗಂಡ ಹೊರಗೆ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುತ್ತಿರುತ್ತಾನೆ. ‘ನನಗೇನಾಗಿದೆ? ನಾನು ಸರಿಯಾಗಿಯೇ ಇದ್ದೇನೆ’ ಎಂಬುದು ಅವನ ನಂಬಿಕೆ. ಮನೆಯ ಹಿರಿಯರೂ ಅದಕ್ಕೆ ತಲೆದೂಗುತ್ತಾರೆ.

ಲೆಕ್ಕ ಬೇರೆಯೇ ಇದೆ. ಮಕ್ಕಳಾಗದ 100 ಜೋಡಿಗಳನ್ನು ತೆಗೆದುಕೊಂಡರೆ, ಸುಮಾರು 20 ಜೋಡಿಗಳಲ್ಲಿ ದೋಷವಿರುವುದು ಗಂಡನಲ್ಲಿ ಮಾತ್ರ. ಇನ್ನೂ 30ರಿಂದ 40 ಜೋಡಿಗಳಲ್ಲಿ ಹೆಂಡತಿಯ ತೊಂದರೆಯ ಜತೆಗೆ ಗಂಡನ ಪಾಲೂ ಸೇರಿರುತ್ತದೆ. ಎಂದರೆ ಅರ್ಧಕ್ಕರ್ಧ ಮನೆಗಳಲ್ಲಿ ಗಂಡನನ್ನು ಪರೀಕ್ಷಿಸದೆ ಚಿಕಿತ್ಸೆ ಮಾಡುವುದು ಒಂದು ಕಣ್ಣು ಮುಚ್ಚಿಕೊಂಡು ದಾರಿ ಹುಡುಕಿದಂತೆ. ಇದೇನೂ ಅಪರೂಪದ ಸಂಕಟವಲ್ಲ. ಜೀವನದ ಒಂದಲ್ಲ ಒಂದು ಹಂತದಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಬಂಜೆತನದ ತೊಂದರೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ.

ಯಾವಾಗ ವೈದ್ಯರನ್ನು ಕಾಣಬೇಕು? ಯಾವ ಗರ್ಭನಿರೋಧಕವನ್ನೂ ಬಳಸದೆ ಜತೆಯಲ್ಲಿ ಬಾಳುತ್ತ ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ‘ಜತೆಯಲ್ಲಿ ಬಾಳುತ್ತ’ ಎಂಬ ಮಾತನ್ನು ಗಮನಿಸಿ. ಗಂಡ ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಊರಿಗೆ ಬಂದು ಹೋಗುತ್ತಿದ್ದರೆ ಮದುವೆಯಾಗಿ ಐದು ವರ್ಷ ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಹೆಂಗಸಿಗೆ ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಿಗೆ ಸುಮಾರು ಆರು ಮಾತ್ರ. ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ಆ ದಿನಗಳಲ್ಲಿ ಗಂಡ ರೈಲಿನಲ್ಲಿದ್ದರೆ ಅದು ರೋಗವಲ್ಲ, ರಜೆಯ ಸಮಸ್ಯೆ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು, ಪಂಚಾಂಗ ಹಿಡಿದು ಕೂರಬೇಕಾಗಿಲ್ಲ.

ವೀರ್ಯ ಬೇರೆ, ವೀರ್ಯಾಣು ಬೇರೆ

ಬಹಳ ಮಂದಿ ಗಂಡಸರು ತಮ್ಮ ವೀರ್ಯ ಗಟ್ಟಿಯಾಗಿದೆ, ಧಾರಾಳವಾಗಿದೆ, ಆದ್ದರಿಂದ ದೋಷ ತಮ್ಮಲ್ಲಿರಲಾರದು ಎಂದು ವಾದಿಸುತ್ತಾರೆ. ಇನ್ನು ಕೆಲವರು ನೀರಾಗಿದೆ ಎಂದು ಕಂಗಾಲಾಗುತ್ತಾರೆ. ಎರಡೂ ಸಲ್ಲದು. ವೀರ್ಯದ ಬಹುಪಾಲು ವೀರ್ಯಕೋಶಗಳು ಮತ್ತು ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ದ್ರವ. ವೃಷಣಗಳಿಂದ ಬರುವ ಪಾಲು ನೂರಕ್ಕೆ ಐದರಷ್ಟು ಸಹ ಇರಲಾರದು. ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವೀರ್ಯ ಮೊದಲಿನಂತೆಯೇ ಕಾಣುತ್ತದೆ, ಅದರಲ್ಲಿ ವೀರ್ಯಾಣು ಮಾತ್ರ ಒಂದೂ ಇರುವುದಿಲ್ಲ. ಬರಿಗಣ್ಣಿಗೆ ಇದು ತಿಳಿಯುವ ಸಂಗತಿಯಲ್ಲ. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡುವವರೆಗೆ ವೀರ್ಯಾಣು ಎಂಬುದೊಂದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ವೃಷಣವನ್ನು ಒಂದೇ ಸೂರಿನಡಿ ಇರುವ ಎರಡು ಕಾರ್ಖಾನೆಗಳೆಂದು ಭಾವಿಸಿ. ಒಂದರಲ್ಲಿ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ತಯಾರಾಗುತ್ತದೆ. ಗಡ್ಡ ಮೀಸೆ, ಗಡಸು ದನಿ, ಮಾಂಸಖಂಡಗಳ ಬಲ, ಕಾಮಾಸಕ್ತಿ ಎಲ್ಲವೂ ಇದರ ಕೊಡುಗೆ. ಇನ್ನೊಂದರಲ್ಲಿ, ಕೂದಲಿನಷ್ಟು ಸಣ್ಣ ನಾಳಗಳ ಒಳಗೆ, ವೀರ್ಯಾಣುಗಳು ಹುಟ್ಟುತ್ತವೆ. ಮೊದಲನೆಯ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದು ಎರಡನೆಯದಕ್ಕೆ ಬೀಗ ಬಿದ್ದಿರುವುದು ಸಾಧ್ಯ. ಆದ್ದರಿಂದಲೇ ಪೌರುಷಕ್ಕೂ ಸಂತಾನಶಕ್ತಿಗೂ ನೇರ ಸಂಬಂಧವಿಲ್ಲ ಎನ್ನುವುದು. ಈ ಒಂದು ಮಾತು ಮನಸ್ಸಿಗೆ ಇಳಿದರೆ ಗಂಡಸಿನ ಅರ್ಧ ಸಂಕೋಚ ಕಳೆದಂತೆ.

ಆರೋಗ್ಯವಂತನ ವೃಷಣಗಳಲ್ಲಿ ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣುಗಳು ಸಿದ್ಧವಾಗುತ್ತವೆ. ಆದರೆ ಒಂದೊಂದು ವೀರ್ಯಾಣುವೂ ಪೂರ್ತಿ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಬೆನ್ನಿಗೆ ಅಂಟಿಕೊಂಡ, ಬಿಡಿಸಿದರೆ ಆರು ಮೀಟರಿನಷ್ಟು ಉದ್ದವಾಗುವ ಸುರುಳಿ ನಾಳದಲ್ಲಿ ಸಾಗುತ್ತ ಈಜುವುದನ್ನು ಕಲಿಯಲು ಇನ್ನೂ ಎರಡು ವಾರ. ಒಟ್ಟು ಮೂರು ತಿಂಗಳು. ಈ ‘ಮೂರು ತಿಂಗಳು’ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ. ಇಂದಿನ ವರದಿ ಇಂದಿನ ಆರೋಗ್ಯದ ಕನ್ನಡಿಯಲ್ಲ, ಕಳೆದ ಮೂರು ತಿಂಗಳ ಕತೆ. ಯುಗಾದಿಯ ಹೊತ್ತಿಗೆ ಬಂದ ಕಡುಜ್ವರ ಆಷಾಢದ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಇಂದು ಬಿಟ್ಟ ಸಿಗರೇಟಿನ ಫಲವೂ ಮೂರು ತಿಂಗಳ ನಂತರವೇ ತಿಳಿದೀತು.

ಎಲ್ಲಿ ಎಡವುತ್ತದೆ?

ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾಗಿದ್ದರೆ ಮಾತ್ರ ವೃಷಣಗಳ ಕೆಲಸ ಸುಗಮ. ಪ್ರಕೃತಿ ಅವನ್ನು ದೇಹದಿಂದ ಹೊರಗೆ ತೂಗುಹಾಕಿರುವುದು ಇದಕ್ಕಾಗಿಯೇ. ತಾಯಿಯ ಹೊಟ್ಟೆಯಲ್ಲಿರುವಾಗಲೇ ವೃಷಣಗಳು ಮಗುವಿನ ಹೊಟ್ಟೆಯೊಳಗಿನಿಂದ ಕೆಳಗಿಳಿದು ಚೀಲಕ್ಕೆ ಬರಬೇಕು. ಕೆಲವು ಮಕ್ಕಳಲ್ಲಿ ಒಂದೋ ಎರಡೋ ಒಳಗೇ ಉಳಿದುಬಿಡುತ್ತವೆ. ‘ದೊಡ್ಡವನಾದ ಮೇಲೆ ತಾನೇ ಇಳಿಯುತ್ತದೆ’ ಎಂದು ಅಜ್ಜಿಯರು ಸಮಾಧಾನ ಹೇಳುವುದುಂಟು. ಆರು ತಿಂಗಳಾದರೂ ಇಳಿಯದಿದ್ದರೆ ಕಾಯಬೇಡಿ. ಒಂದರಿಂದ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಮೊಮ್ಮಗನಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಎರಡೂ ಕೈಗೆ ಸಿಗುತ್ತವೆಯೇ ಎಂದು ನೋಡುವ ಅಜ್ಜಿ ಅವನ ಮುಂದಿನ ಸಂಸಾರಕ್ಕೆ ದೊಡ್ಡ ಉಪಕಾರ ಮಾಡಿರುತ್ತಾಳೆ.

ವೈದ್ಯರು ಅತಿ ಹೆಚ್ಚಾಗಿ ಕಾಣುವ, ಸರಿಪಡಿಸಬಹುದಾದ ಕಾರಣವೆಂದರೆ ವೆರಿಕೋಸಿಲ್. ಕಾಲಿನಲ್ಲಿ ರಕ್ತನಾಳಗಳು ಉಬ್ಬಿ ಗಂಟುಗಂಟಾಗುವುದನ್ನು ನೀವು ನೋಡಿರಬಹುದು, ವೃಷಣದ ಸುತ್ತಲೂ ಹಾಗೆಯೇ ಆಗುತ್ತದೆ. ಎಡಗಡೆಯಲ್ಲೇ ಹೆಚ್ಚು. ಆ ಬದಿಯ ರಕ್ತನಾಳ ಬಲು ಉದ್ದ, ಮೂತ್ರಪಿಂಡದ ನಾಳಕ್ಕೆ ನೇರ ಕೋನದಲ್ಲಿ ಹೋಗಿ ಸೇರುತ್ತದೆ, ಹಾಗಾಗಿ ರಕ್ತ ಹಿಂದಕ್ಕೆ ನಿಲ್ಲುತ್ತದೆ, ಶಾಖ ಏರುತ್ತದೆ. ಎಲ್ಲ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದು ಉಂಟು. ಅವರಲ್ಲಿ ಹಲವರಿಗೆ ಮಕ್ಕಳೂ ಉಂಟು. ಮಕ್ಕಳಾಗದೆ ಬರುವ ಗಂಡಸರಲ್ಲಿ ಈ ಸಂಖ್ಯೆ ನೂರಕ್ಕೆ 35ರಿಂದ 40ರವರೆಗೆ ಏರುತ್ತದೆ.

ವಯಸ್ಸಿಗೆ ಬಂದ ಮೇಲೆ ಮಂಗನಬಾವು ತಗುಲಿದರೆ ಅದು ಕೆನ್ನೆಯಿಂದ ವೃಷಣಕ್ಕೂ ಇಳಿದು ಹಾನಿ ಮಾಡಬಹುದು. ಗೊನೋರಿಯ, ಕ್ಲಮೈಡಿಯದಂಥ ಲೈಂಗಿಕ ಸೋಂಕುಗಳು ಹಾಗೂ ನಮ್ಮ ದೇಶದಲ್ಲಿ ಮರೆಯಲೇಬಾರದ ಕ್ಷಯರೋಗ ವೀರ್ಯಾಣು ಸಾಗುವ ಹಾದಿಯನ್ನು ಮುಚ್ಚಿಬಿಡಬಲ್ಲವು. ಎಳವೆಯಲ್ಲಿ ಮಾಡಿದ ಹರ್ನಿಯ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯನಾಳಕ್ಕೆ ಪೆಟ್ಟಾಗಿರುವುದುಂಟು. ಕೆಲವರಲ್ಲಿ ಆ ನಾಳ ಹುಟ್ಟಿನಿಂದಲೇ ಇರುವುದಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನರಗಳು ಸೋತು, ವೀರ್ಯ ಹೊರಬರುವ ಬದಲು ಹಿಮ್ಮುಖವಾಗಿ ಮೂತ್ರಕೋಶ ಸೇರಬಹುದು. ಇನ್ನು ವರ್ಣತಂತುಗಳ ದೋಷ. ಸುಮಾರು 600 ಗಂಡು ಮಕ್ಕಳಲ್ಲಿ ಒಬ್ಬನಿಗೆ ಒಂದು ‘ಎಕ್ಸ್’ ವರ್ಣತಂತು ಹೆಚ್ಚಾಗಿರುತ್ತದೆ. 1942ರಲ್ಲಿ ಇದನ್ನು ವರ್ಣಿಸಿದ ವೈದ್ಯರ ಹೆಸರಿನಿಂದ ಕ್ಲೈನ್‌ಫೆಲ್ಟರ್ ಲಕ್ಷಣಕೂಟ ಎನ್ನುತ್ತಾರೆ. ಬಹಳಷ್ಟು ಜನರಿಗೆ ಇದು ಗೊತ್ತಾಗುವುದೇ ಮದುವೆಯ ನಂತರ, ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬಂದಾಗ.

ಕೆಲಸದ ಜಾಗವೂ ಕಾರಣವಾಗಬಹುದು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಥ್ರಾಪ್ ಎಂಬಲ್ಲಿ, ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ, ತಮ್ಮಲ್ಲಿ ಯಾರಿಗೂ ಈಚೆಗೆ ಮಕ್ಕಳಾಗಿಲ್ಲ ಎಂಬುದನ್ನು ಗಮನಿಸಿದರು. ಪರೀಕ್ಷಿಸಿದಾಗ ಹಲವರ ವೀರ್ಯಾಣು ಸಂಖ್ಯೆ ಕುಸಿದಿತ್ತು, ಕೆಲವರಲ್ಲಿ ಇರಲೇ ಇಲ್ಲ. ಗಂಡಸರು ನಾಚಿಕೆ ಬಿಟ್ಟು ಮಾತಾಡಿದ್ದರಿಂದ ಹೊರಬಿದ್ದ ಸತ್ಯವಿದು. ಆದ್ದರಿಂದ ಔಷಧಿ ಸಿಂಪಡಿಸುವ ರೈತ ಬಾಂಧವರೇ, ಮೈಮುಚ್ಚುವ ಬಟ್ಟೆ, ಕೈಗವಸು, ಮುಖವಸ್ತ್ರ ನಿಮ್ಮ ಶ್ವಾಸಕೋಶದ ರಕ್ಷಣೆಗೆ ಮಾತ್ರವಲ್ಲ. ಸೀಸದ ಕೆಲಸ, ಬೇಕರಿ ಒಲೆಯ ಮುಂದಿನ ಕೆಲಸ, ದಿನವಿಡೀ ಲಾರಿ ಓಡಿಸುವ ಕೆಲಸ ಇವನ್ನೂ ವೈದ್ಯರಿಗೆ ಹೇಳಿ. ಬೀಡಿ, ಸಿಗರೇಟು, ಗುಟ್ಕಾ, ಮಿತಿಮೀರಿದ ಮದ್ಯ, ಅತಿ ಬೊಜ್ಜು ಇವುಗಳ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಈಗಿನ ದಿನಗಳಲ್ಲಿ ಒಂದನ್ನು ಒತ್ತಿ ಹೇಳಬೇಕು. ವ್ಯಾಯಾಮಶಾಲೆಗಳಲ್ಲಿ ಮೈಕಟ್ಟು ಬೆಳೆಸಲೆಂದು ಯುವಕರು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಮತ್ತಿತರ ಸ್ಟೀರಾಯ್ಡುಗಳು ವೀರ್ಯಾಣುವಿನ ಶತ್ರುಗಳು. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿ ‘ಸರಕು ಸಾಕಷ್ಟಿದೆ’ ಎಂದು ತಿಳಿದು ವೃಷಣಗಳಿಗೆ ಅಪ್ಪಣೆ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣು ಶೂನ್ಯಕ್ಕಿಳಿಯಬಹುದು. ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ವಿಷಾದವೆಂದರೆ, ಮಕ್ಕಳಾಗಲಿಲ್ಲ ಎಂದು ಬಂದವನಿಗೆ ‘ಶಕ್ತಿ ಬರಲಿ’ ಎಂದು ಇದೇ ಚುಚ್ಚುಮದ್ದನ್ನು ಕೊಡುವವರೂ ಇದ್ದಾರೆ. ಮಗು ಬೇಕೆನ್ನುವವರು ಇದನ್ನು ಒಪ್ಪಲೇಬೇಡಿ.

ಒಂದು ಸೀಸೆಯ ಪರೀಕ್ಷೆ

ಹೆಂಡತಿಯ ಪರೀಕ್ಷೆಗಳ ಪಟ್ಟಿಯನ್ನು ಮೇಲೆ ಓದಿದಿರಿ. ಗಂಡನಿಗೆ ಮೊದಲು ಬೇಕಾದದ್ದು ಒಂದೇ, ವೀರ್ಯ ಪರೀಕ್ಷೆ. ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಆದರೂ ಇದಕ್ಕೆ ಒಪ್ಪಿಸುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ.

ಪರೀಕ್ಷೆ ಸರಿಯಾಗಬೇಕಾದರೆ ನೀವೂ ಕೆಲವು ನಿಯಮ ಪಾಲಿಸಬೇಕು. ಎರಡು ದಿನಕ್ಕೆ ಕಡಿಮೆಯಿಲ್ಲದಂತೆ, ಏಳು ದಿನಕ್ಕೆ ಹೆಚ್ಚಾಗದಂತೆ ಸಂಯಮವಿರಲಿ. ಪ್ರಯೋಗಾಲಯದವರು ಕೊಡುವ ಅಗಲ ಬಾಯಿಯ ಸೀಸೆಯಲ್ಲೇ, ಸಾಧ್ಯವಾದರೆ ಪ್ರಯೋಗಾಲಯದ ಪ್ರತ್ಯೇಕ ಕೋಣೆಯಲ್ಲೇ, ಕೈಯಿಂದ ಸಂಗ್ರಹಿಸಬೇಕು. ಸಾಮಾನ್ಯ ನಿರೋಧ್‌ನಲ್ಲಿ ಹಿಡಿದು ತರಬೇಡಿ, ಅದರೊಳಗಿನ ಲೇಪ ವೀರ್ಯಾಣುಗಳಿಗೆ ಮಾರಕ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚಿರುವುದರಿಂದ ಸ್ವಲ್ಪ ಚೆಲ್ಲಿಹೋದರೂ ಮುಚ್ಚಿಡದೆ ಹೇಳಿ. ಮನೆಯಿಂದ ತರುವುದಾದರೆ ಒಳಜೇಬಿನಲ್ಲಿ, ಮೈಶಾಖದಲ್ಲಿ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಿ. ಕೆಟ್ಟೀತೆಂದು ಐಸಿನಲ್ಲಿಟ್ಟು ತಂದರೆ ಈಜುವ ವೀರ್ಯಾಣುಗಳೂ ಸ್ತಬ್ಧವಾಗಿ, ಇಲ್ಲದ ದೋಷ ಬರೆಯಲ್ಪಡುತ್ತದೆ.

ವರದಿಯಲ್ಲಿ ಹಲವು ಅಂಕಿಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಆರನೆಯ ಆವೃತ್ತಿಯಂತೆ ಕನಿಷ್ಠ ಮಟ್ಟಗಳು ಹೀಗಿವೆ. ಪ್ರಮಾಣ 1.4 ಮಿಲಿಲೀಟರ್. ಒಂದು ಮಿಲಿಲೀಟರಿನಲ್ಲಿ ವೀರ್ಯಾಣುಗಳು 1 ಕೋಟಿ 60 ಲಕ್ಷ. ಒಟ್ಟು ಚಲನೆ ನೂರಕ್ಕೆ 42, ಮುಂದಕ್ಕೆ ಸಾಗುವವು ನೂರಕ್ಕೆ 30. ಸರಿಯಾದ ಆಕಾರದವು ನೂರಕ್ಕೆ 4. ಕೊನೆಯ ಅಂಕಿಯನ್ನು ನೋಡಿ ಎದೆಯೊಡೆದುಕೊಳ್ಳುವವರು ಬಹಳ. ‘ನೂರರಲ್ಲಿ 96 ವಿಕಾರವಂತೆ ಡಾಕ್ಟರೇ’ ಎಂದು ಅಳುತ್ತಾರೆ. ಮಕ್ಕಳೊಂದಿಗರಲ್ಲೂ ಹೀಗೇ ಇರುತ್ತದೆ, ಪ್ರಕೃತಿ ಇಲ್ಲಿ ದುಂದುಗಾರ. ಇನ್ನೊಂದು ಮಾತು. ಈ ಅಂಕಿಗಳು ಪಾಸು ನಪಾಸಿನ ಗೆರೆಯಲ್ಲ. ಒಂದು ವರ್ಷದೊಳಗೆ ಗರ್ಭ ನಿಲ್ಲಿಸಿದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ತೀರ ಕಡಿಮೆಯಿದ್ದ ನೂರಕ್ಕೆ ಐವರ ಮಟ್ಟವನ್ನು ಗೆರೆಯಾಗಿ ಇಟ್ಟಿದ್ದಾರೆ. ಗೆರೆಯ ಕೆಳಗಿದ್ದೂ ತಂದೆಯಾದವರಿದ್ದಾರೆ. ಮೇಲಿದ್ದೂ ಆಗದವರಿದ್ದಾರೆ. ಮೊದಲ ವರದಿ ಸರಿಯಿಲ್ಲದಿದ್ದರೆ ಒಂದು ತಿಂಗಳಾದರೂ ಬಿಟ್ಟು ಮತ್ತೊಮ್ಮೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬಾರದು.

ಎರಡನೆಯದೂ ಸರಿಯಿಲ್ಲವೆಂದಾಗ ಮೂತ್ರಾಂಗ ತಜ್ಞರು ಕೈಯಿಂದ ಮುಟ್ಟಿ ಪರೀಕ್ಷಿಸುತ್ತಾರೆ. ನಾಚಿಕೊಳ್ಳಬೇಡಿ, ಯಂತ್ರಗಳಿಗಿಂತ ಮೊದಲು ಬೇಕಾದದ್ದು ಇದೇ. ವೃಷಣದ ಗಾತ್ರ, ವೀರ್ಯನಾಳ ಕೈಗೆ ಸಿಗುತ್ತದೆಯೇ, ವೆರಿಕೋಸಿಲ್ ಇದೆಯೇ ಎಲ್ಲವೂ ಆ ಐದು ನಿಮಿಷದಲ್ಲಿ ತಿಳಿಯುತ್ತವೆ. ಸಂತಾನದ ತೊಂದರೆಯಿರುವವರಲ್ಲಿ ವೃಷಣದ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಾಣಿಸುವುದರಿಂದ, ಗಂಟು ಏನಾದರೂ ಇದೆಯೇ ಎಂಬುದನ್ನೂ ನೋಡುತ್ತಾರೆ. ‘ಮಲ್ಲಿಗೆಯ ವಾಸನೆ ಗೊತ್ತಾಗುತ್ತದೆಯೇ?’ ಎಂದು ಕೇಳಿದರೆ ನಗಬೇಡಿ. ಪಿಟ್ಯುಟರಿಗೆ ಅಪ್ಪಣೆಯೇ ತಲುಪದ ಒಂದು ಬಗೆಯ ಹುಟ್ಟುದೋಷದಲ್ಲಿ ವಾಸನೆಯೂ ತಿಳಿಯುವುದಿಲ್ಲ. ಆಮೇಲೆ ಹಾರ್ಮೋನುಗಳ ರಕ್ತ ಪರೀಕ್ಷೆ, ಅಗತ್ಯವಿದ್ದರೆ ವರ್ಣತಂತುಗಳ ಪರೀಕ್ಷೆ.

ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಎಂಬ ವರದಿ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಕಾರ್ಖಾನೆ ನಿಂತಿದೆಯೋ, ರಸ್ತೆ ಮುಚ್ಚಿದೆಯೋ? ವೃಷಣ ಒಳ್ಳೆಯ ಗಾತ್ರದ್ದಿದ್ದು ಎಫ್‌ಎಸ್‌ಎಚ್ ಎಂಬ ಹಾರ್ಮೋನು ಹಿತಮಿತವಾಗಿದ್ದರೆ ಸಾಮಾನ್ಯವಾಗಿ ರಸ್ತೆ ಮುಚ್ಚಿದೆ ಎಂದರ್ಥ. ವೃಷಣ ಸಣ್ಣದಾಗಿ ಎಫ್‌ಎಸ್‌ಎಚ್ ಏರಿದ್ದರೆ ಕಾರ್ಖಾನೆಗೇ ತೊಂದರೆ. ಮಲಗಿದ ಆಳನ್ನು ಎಬ್ಬಿಸಲು ಪಿಟ್ಯುಟರಿ ಗಟ್ಟಿಯಾಗಿ ಕೂಗುತ್ತಿರುತ್ತದೆ, ಅಷ್ಟೆ.

ಮದ್ದು ಯಾವುದಕ್ಕೆ, ಯಾವುದಕ್ಕಿಲ್ಲ

ಮುಚ್ಚಿದ ಹಾದಿಯನ್ನು ಸೂಕ್ಷ್ಮದರ್ಶಕದಡಿಯ ಶಸ್ತ್ರಚಿಕಿತ್ಸೆಯಿಂದ ಮತ್ತೆ ಜೋಡಿಸುವುದು ಹಲವರಲ್ಲಿ ಸಾಧ್ಯ. ಸಂತಾನಹರಣ ಮಾಡಿಸಿಕೊಂಡು, ಮಗುವನ್ನು ಕಳೆದುಕೊಂಡು ಮತ್ತೆ ಬರುವವರಿಗೂ ಇದೇ ದಾರಿ. ಕೈಗೆ ಸಿಗುವಷ್ಟು ದೊಡ್ಡ ವೆರಿಕೋಸಿಲ್ ಇದ್ದು ವರದಿಯೂ ಕೆಟ್ಟಿದ್ದರೆ ಆ ನಾಳಗಳನ್ನು ಕಟ್ಟಿದಾಗ ಅನೇಕರ ವರದಿ ಸುಧಾರಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಕಾಣುವ ಚಿಕ್ಕದಕ್ಕೆ ಚಾಕು ಹಾಕಿಸಿಕೊಳ್ಳಬೇಕಾಗಿಲ್ಲ. ಪಿಟ್ಯುಟರಿಯ ಅಪ್ಪಣೆ ಇಲ್ಲದವರಿಗೆ ಆ ಹಾರ್ಮೋನುಗಳನ್ನೇ ಚುಚ್ಚುಮದ್ದಾಗಿ ಕೊಟ್ಟರೆ ಫಲ ಬಲು ಚೆನ್ನ, ಆದರೆ ಒಂದೆರಡು ವರ್ಷದ ತಾಳ್ಮೆ ಬೇಕು. ಕ್ಯಾನ್ಸರ್ ಚಿಕಿತ್ಸೆ ಆರಂಭಿಸಲಿರುವ ಯುವಕರು ಮೊದಲೇ ವೀರ್ಯವನ್ನು ಶೈತ್ಯೀಕರಿಸಿ ಇಡಿಸಿಕೊಳ್ಳಬಹುದು. ಇದನ್ನು ವೈದ್ಯರು ಹೇಳದಿದ್ದರೆ ನೀವೇ ಕೇಳಿ.

ಬಾಟಲಿಗಳ ವಿಷಯಕ್ಕೆ ಬರೋಣ. ಬಸ್ ನಿಲ್ದಾಣದ ಗೋಡೆಗಳ ಮೇಲೆ, ಲಾಡ್ಜಿನ ಕೋಣೆ ಸಂಖ್ಯೆ ಸಹಿತ, ‘ಧಾತು ದೌರ್ಬಲ್ಯ’ಕ್ಕೆ ಖಚಿತ ಚಿಕಿತ್ಸೆಯ ಜಾಹೀರಾತು ನೋಡಿರುತ್ತೀರಿ. ಅಲ್ಲಿ ಸೀಸೆಯಲ್ಲಿ ಏನಿದೆ ಎಂದು ಕೊಡುವವನಿಗೂ ಗೊತ್ತಿರುವುದಿಲ್ಲ. ಇಂಗ್ಲಿಷ್ ಔಷಧಿ ಅಂಗಡಿಯ ದುಬಾರಿ ವಿಟಮಿನ್ ಮಾತ್ರೆಗಳಿಗೂ ನಾವು ಕೊಡುವಷ್ಟು ಮರ್ಯಾದೆ ಸಲ್ಲದು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಂಡಂದಿರಿಗೆ ಆರು ತಿಂಗಳು ಸತು ಮತ್ತು ಫೋಲಿಕ್ ಆಮ್ಲ ಕೊಟ್ಟರೂ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ. ತಂಬಾಕು ಬಿಡಿ, ತೂಕ ಇಳಿಸಿ, ಸೊಪ್ಪು ಹಣ್ಣು ತಿನ್ನಿ. ಇದಕ್ಕೆ ಚೀಟಿ ಬೇಕಿಲ್ಲ.

ವೀರ್ಯಾಣು ಸ್ವಲ್ಪ ಕಡಿಮೆ ಇದ್ದರೆ ಚುರುಕಾದವನ್ನು ಆರಿಸಿ ಗರ್ಭಕೋಶಕ್ಕೆ ನೇರ ಬಿಡುವ ಸರಳ ವಿಧಾನವಿದೆ. ತೀರ ಕಡಿಮೆಯಿದ್ದವರಿಗೆ ಹಿಂದೆ ದಾರಿಯೇ ಇರಲಿಲ್ಲ. 1978ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿ, ಅದೇ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಶ್ರಮದಿಂದ ಹುಟ್ಟಿದ ಪ್ರನಾಳ ಶಿಶುಗಳ ವಿಧಾನದಲ್ಲೂ, ಅಂಡಾಣುವನ್ನು ಭೇದಿಸಿ ಒಳಹೋಗಲು ಲಕ್ಷಗಟ್ಟಲೆ ಅಲ್ಲದಿದ್ದರೂ ಸಾವಿರಗಟ್ಟಲೆ ವೀರ್ಯಾಣು ಬೇಕಿತ್ತು. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಹಿಡಿದು ಅಂಡಾಣುವಿನೊಳಗೆ ಇಳಿಸಿ ಯಶಸ್ವಿಯಾದ ವರದಿ ಪ್ರಕಟಿಸಿದರು. ಇದೇ ಇಕ್ಸಿ. ವೀರ್ಯದಲ್ಲಿ ವೀರ್ಯಾಣು ಇಲ್ಲದವರಲ್ಲೂ ವೃಷಣದಿಂದಲೇ ಹುಡುಕಿ ತೆಗೆದು ಹೀಗೆ ಬಳಸಬಹುದು. ಆದರೆ ಎರಡು ಸಂಗತಿ ತಿಳಿದಿರಲಿ. ‘ವೈ’ ವರ್ಣತಂತುವಿನ ಕೊರತೆಯಿಂದ ಬಂದ ದೋಷ ಹೀಗೆ ಹುಟ್ಟುವ ಗಂಡು ಮಗುವಿಗೂ ದಾಟುತ್ತದೆ. ಅಲ್ಲದೆ ದೋಷ ಗಂಡನದ್ದಾದರೂ ಚುಚ್ಚುಮದ್ದು, ಅರಿವಳಿಕೆ, ಅಂಡಾಣು ತೆಗೆಸಿಕೊಳ್ಳುವ ನೋವು ಎಲ್ಲವೂ ಹೆಂಡತಿಗೇ. ಖರ್ಚು ದೊಡ್ಡದು, ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ, ಮತ್ತು ಫಲಿಸುವ ಸಾಧ್ಯತೆ ಬಹುಮಟ್ಟಿಗೆ ಅವಳ ವಯಸ್ಸನ್ನು ಅವಲಂಬಿಸಿದೆ. 35ರ ನಂತರ ಅದು ಬೇಗ ಬೇಗ ಇಳಿಯುತ್ತದೆ. ಗಂಡ ಸಂಕೋಚದಿಂದ ಕಳೆದ ನಾಲ್ಕು ವರ್ಷಗಳ ಬೆಲೆ ಇಲ್ಲಿ ತೆರಬೇಕಾಗುತ್ತದೆ.

ಯಾವುದೂ ಕೈಗೂಡದಿದ್ದರೆ? ದಾನಿಯ ವೀರ್ಯಾಣು ಪಡೆಯುವ ದಾರಿಯುಂಟು. ಇದನ್ನು ಗುಟ್ಟಾಗಿ, ಬಾಯಿಮಾತಿನ ಮೇಲೆ ಮಾಡಿಸಿಕೊಳ್ಳುವ ಕಾಲ ಹೋಯಿತು. 2022ರ ಜನವರಿಯಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯಂತೆ ನೋಂದಾಯಿತ ಬ್ಯಾಂಕಿನಿಂದ ಮಾತ್ರ ಪಡೆಯಬೇಕು. ದಾನಿಯ ವಯಸ್ಸು 21ರಿಂದ 55ರೊಳಗಿರಬೇಕು, ಒಬ್ಬ ದಾನಿಯದನ್ನು ಒಂದೇ ದಂಪತಿಗೆ ಕೊಡಬೇಕು, ಗಂಡ ಹೆಂಡತಿ ಇಬ್ಬರ ಲಿಖಿತ ಒಪ್ಪಿಗೆ ಇರಬೇಕು. ಹೀಗೆ ಹುಟ್ಟಿದ ಮಗು ಎಲ್ಲ ಹಕ್ಕುಗಳೊಡನೆ ಆ ದಂಪತಿಯ ಸ್ವಂತ ಮಗು. ದಾನಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಅತ್ತೆಯ ಒತ್ತಾಯಕ್ಕೆ ಮಣಿದು ಗಂಡ ಅರೆಮನಸ್ಸಿನಿಂದ ಸಹಿ ಹಾಕುವುದಾದರೆ ಆರು ತಿಂಗಳು ತಡೆದು ಮತ್ತೆ ಮಾತಾಡಿಕೊಳ್ಳುವುದು ಮೇಲು. ದತ್ತು ತೆಗೆದುಕೊಳ್ಳಬೇಕೆನ್ನುವವರು ಕೇಂದ್ರ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸರದಿ ಬರಲು ವರ್ಷಗಳೇ ಹಿಡಿಯುವುದರಿಂದ, ಚಿಕಿತ್ಸೆಗಳೆಲ್ಲ ಮುಗಿದ ಮೇಲೆ ನೋಡೋಣ ಎನ್ನದೆ, ಆ ಯೋಚನೆ ಇಬ್ಬರಿಗೂ ಒಪ್ಪಿಗೆಯಾದ ದಿನವೇ ಅರ್ಜಿ ಹಾಕಿಬಿಡಿ.